ವೈನ್ ತೋಟದ ಪೀಕದಾನಿ

ಹೊಸದಾಗಿ ವೈನ್ ರುಚಿ ತೋರಿಸುವ ಟೇಸ್ಟಿಂಗ್ ರೂಮಿನ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟೇ: ತಿಳಿ ಬಣ್ಣದ ಸೀರೆ ಉಡಬೇಡಿ. ಮಿಕ್ಕಿದ್ದನ್ನೆಲ್ಲ ಕಂಪನಿಯವರೇ ಕಲಿಸುತ್ತಾರೆ. ಯಾವ ಗ್ಲಾಸಿಗೆ ಯಾವ ವೈನ್, ಎಷ್ಟು ಸುರಿಯಬೇಕು, ಬಾಟಲಿಯ ಕತ್ತನ್ನು ಕೊನೆಯಲ್ಲಿ ಹೇಗೆ ತಿರುವಿದರೆ ಹನಿ ಬೀಳುವುದಿಲ್ಲ, ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಕೆಂಪು ವೈನಿನ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ನಾನು ಮೂರು ಸೀರೆ ಕಳೆದುಕೊಂಡು ಕಲಿತೆ.

ನನ್ನ ಹೆಸರು ರತ್ನಮ್ಮ. ಹೊಸೂರಿನ ಕಡೆ, ಬೇರಿಕೆಯ ಹತ್ತಿರದ ಹಳ್ಳಿ. ಮನೆ ತಮಿಳುನಾಡಿನಲ್ಲಿ, ಕೆಲಸ ಗಡಿಯಾಚೆ ಕರ್ನಾಟಕದಲ್ಲಿ, ಮಾಲೂರಿನ ಕಡೆಗಿರುವ ಒಂದು ವೈನ್ ತೋಟದಲ್ಲಿ. ನಮ್ಮ ಕಡೆ ಇದು ಹೊಸದೇನಲ್ಲ. ಉಣ್ಣುವುದು ಒಂದು ರಾಜ್ಯ, ದುಡಿಯುವುದು ಇನ್ನೊಂದು ರಾಜ್ಯ. ಹದಿನಾಲ್ಕು ವರ್ಷ ಅಲ್ಲಿ ದುಡಿದು ಹೋದ ವರ್ಷ ನಿವೃತ್ತಳಾದೆ. ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿಯರು ಆಗಾಗ ಫೋನ್ ಮಾಡಿ, "ಆಂಟಿ, ಹಿಂಗಾಯ್ತು, ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ.

ನಾನು ಅಲ್ಲಿಗೆ ಸೇರಿದ್ದು ವೈನ್ ಸುರಿಯುವುದಕ್ಕಲ್ಲ, ಗ್ಲಾಸ್ ತೊಳೆಯುವುದಕ್ಕೆ. ಮ್ಯಾನೇಜರ್ ಕುಮರೇಸನ್ ಸಾರ್ ಕೃಷ್ಣಗಿರಿಯವರು, ಇಸ್ತ್ರಿ ಮಾಡಿದ ಶರ್ಟಿನ ಜೊತೆಗೆ ಮುಖವನ್ನೂ ಇಸ್ತ್ರಿ ಮಾಡಿಕೊಂಡು ಬರುವ ಮನುಷ್ಯ. ಒಂದು ದಿನ ನಾನು ತೊಳೆಯಲು ತಂದ ಗ್ಲಾಸನ್ನು ಮೂಸಿ ಮುಖ ಸಿಂಡರಿಸಿದ್ದನ್ನು ನೋಡಿದರು.

"ಎನ್ನಮ್ಮಾ, ಏನಾಯ್ತು?"

"ಸಾರ್, ಈ ವೈನು ಮುಗ್ಗಲು ಹಿಡ್ದದೆ. ಮಳೇಲಿ ನೆಂದ ಗೋಣಿಚೀಲದ್ ವಾಸ್ನೆ ಬತ್ತದೆ."

ಅವರು ಮೂಸಿದರು. ಮಹಾರಾಷ್ಟ್ರದ ನಾಸಿಕ್‌ನಿಂದ ಬಂದಿದ್ದ ವೈನ್ ಮಾಡುವ ಮೇಡಂ ಮೂಸಿದರು. ಬಾಟಲಿಯ ಕಾರ್ಕ್ ಕೆಟ್ಟಿತ್ತಂತೆ. ನಾಲ್ಕು ಟೇಬಲ್ಲಿಗೆ ಅದೇ ಬಾಟಲಿಯನ್ನು ಹಂಚಿಯಾಗಿತ್ತು, ಒಬ್ಬರೂ ತುಟಿಪಿಟಕ್ ಎಂದಿರಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಇಪ್ಪತ್ತು ವರ್ಷ ರಾಗಿ ಮೂಟೆ ಬಿಚ್ಚಿ ಮೂಸಿದ ಯಾವ ಹೆಂಗಸಿಗೂ ಮುಗ್ಗಲು ಗೊತ್ತಾಗುತ್ತದೆ. ಜೊತೆಗೆ ನನಗೆ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದವು. ಮುಂದಿನ ವಾರ ನನ್ನನ್ನು ಒಳಕ್ಕೆ, ಕೌಂಟರಿಗೆ ಕರೆದರು.

ನಾನು ಕುಡಿಯುವವಳಲ್ಲ. ಮೇಡಂ ಹತ್ತಿರ ಮೊದಲೇ ಹೇಳಿದೆ. ಅವರು ನಕ್ಕು, "ಕುಡೀಬೇಡಿ, ಬಾಯಲ್ಲಿ ತಿರುಗಿಸಿ ಉಗಿಯಿರಿ" ಅಂದರು. ಅಂದರೆ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವುದಿಲ್ಲವೇ, ಹಾಗೆ. ಅದಕ್ಕೆಂದೇ ಪ್ರತಿ ಟೇಬಲ್ಲಿಗೂ ಒಂದೊಂದು ಪಾತ್ರೆ ಇಡುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಏನೋ ಹೆಸರಿತ್ತು. ನಾವು ಕನ್ನಡದವರು ಪೀಕದಾನಿ ಎನ್ನುತ್ತಿದ್ದೆವು.

ಆದರೆ ಎಲ್ಲಿ ಉಗಿಯಬೇಕೆಂದು ಮೇಡಂ ಹೇಳಿರಲಿಲ್ಲ, ಅದು ಪೀಕದಾನಿ ಎಂದು ನನಗೆ ಗೊತ್ತಾಗಲು ಒಂದು ದಿನ ಬೇಕಾಯಿತು. ಮೊದಲ ದಿನ ಕೌಂಟರಿಗೆ ಬಂದಾಗ ಫಳಫಳ ಹೊಳೆಯುವ ಹಿತ್ತಾಳೆಯ ಆರು ಪಾತ್ರೆಗಳು ಸಾಲಾಗಿದ್ದವು. ಬಂದವರಿಗೆ ಸ್ವಾಗತಕ್ಕಿರಬೇಕು ಎಂದುಕೊಂಡು ಒಂದೊಂದಕ್ಕೂ ನೀರು ತುಂಬಿ, ಮೇಲೆ ಚೆಂಡು ಹೂವು ತೇಲಿಬಿಟ್ಟೆ. ಬೆಂಗಳೂರಿನಿಂದ ಬಂದವರು ಮೊಬೈಲಿನಲ್ಲಿ ಫೋಟೋ ತೆಗೆದಿದ್ದೇ ತೆಗೆದಿದ್ದು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಕನ್ನಡಕ ಹಾಕಿದ್ದ ಒಬ್ಬ ಯಜಮಾನರು ಬಾಯಲ್ಲಿದ್ದುದನ್ನು ಗಂಭೀರವಾಗಿ ಹೂವಿನ ಮೇಲೆ ಉಗಿದರು.

"ಅಯ್ಯೋ ಸ್ವಾಮಿ, ಹೂವಿನ್ ಮ್ಯಾಲೆ ಉಗೀತೀರಲ್ಲಾ! ಮನೇಲ್ ಹೇಳ್ಕೊಟ್ಟಿಲ್ವಾ?" ಎಂದು ಬೈದೇಬಿಟ್ಟೆ.

ಕುಮರೇಸನ್ ಸಾರ್ ಓಡಿಬಂದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಪಾತ್ರೆಯ ನಿಜ ಸ್ವರೂಪ ವಿವರಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಯಜಮಾನರು ಮಾತ್ರ ಮುಂದಿನ ವರ್ಷವೂ ಬಂದರು, "ಇವತ್ತು ಎಲ್ಲಿ ಉಗೀಬೇಕಮ್ಮ?" ಎಂದು ನನ್ನನ್ನು ಕೇಳಿಯೇ ಉಗಿದರು.

ನಿಮಗೆ ಕಲಿಸದ ಇನ್ನೊಂದು ವಿಷಯ ಹೇಳುತ್ತೇನೆ. ಬೆಂಗಳೂರಿನವರು ಒಂದು ಥರ, ಹೊಸೂರಿನವರು ಇನ್ನೊಂದು ಥರ. ಬೆಂಗಳೂರಿನವರು ಬರುವಾಗಲೇ ಎಲ್ಲ ಓದಿಕೊಂಡು ಬರುತ್ತಾರೆ. ಗ್ಲಾಸು ಓರೆ ಮಾಡಿ ಬಣ್ಣ ನೋಡುತ್ತಾರೆ, ಮೂಗು ತೂರಿಸುತ್ತಾರೆ, ಉಗಿಯುತ್ತಾರೆ. ಹೊಸೂರಿನ ಕಾರ್ಖಾನೆಯವರು ಭಾನುವಾರ ಟೆಂಪೋ ಮಾಡಿಕೊಂಡು ಬರುತ್ತಾರೆ. ಅವರು ಉಗಿಯುವುದಿಲ್ಲ. "ಸುರ್ದಿರೋದು ನೀವು, ಉಗುದ್ರೆ ನಿಮ್ಗೆ ಅವಮಾನ ಅಲ್ವಾ ಅಕ್ಕ?" ಎನ್ನುತ್ತಾರೆ. ಹಾಗೆ ಮರ್ಯಾದೆ ಕೊಟ್ಟು ಕೊಟ್ಟು ಐದನೆಯ ಗ್ಲಾಸಿನ ಹೊತ್ತಿಗೆ ನಮ್ಮನ್ನೇ ಚಿಕ್ಕಮ್ಮ, ದೊಡ್ಡಮ್ಮ ಎಂದು ಕರೆದು ಅಳುತ್ತಾರೆ. ಅವರಿಗೆ ಅರ್ಧದಷ್ಟೇ ಸುರಿಯಿರಿ. ಕಂಪನಿಯ ಪುಸ್ತಕದಲ್ಲಿ ಬರೆದಿಲ್ಲ, ಆದರೂ ಅಷ್ಟೇ ಸುರಿಯಿರಿ.

ವಯಸ್ಸಾದವರು ಬಂದರೆ ಇನ್ನೊಂದು ತೊಂದರೆ. ಒಂದು ಸಲ ಬಾಗಲೂರಿನ ಕಡೆಯ ಗುಲಾಬಿ ಬೆಳೆಗಾರರು ಹತ್ತು ಜನ ಬಂದಿದ್ದರು. ಎಲ್ಲರೂ ಬಿಳಿ ಪಂಚೆ, ಬಿಳಿ ಶರ್ಟು. ಗ್ಲಾಸಿಗೆ ತುಟಿ ತಾಗಿಸಿದರೆ ಎಂಜಲು ಎಂದು ಹತ್ತೂ ಜನ ಗ್ಲಾಸನ್ನು ಗೇಣುದ್ದ ಮೇಲೆ ಎತ್ತಿ ಬಾಯಿಗೆ ಸುರಿದುಕೊಂಡರು. ಚೊಂಬಿನಲ್ಲಿ ನೀರು ಕುಡಿದಷ್ಟು ಸುಲಭವಲ್ಲ ಅದು. ಆ ಗ್ಲಾಸಿನ ಅಂಚು ಅಗಲ. ಹತ್ತು ಶರ್ಟೂ ಹೋಳಿ ಆಡಿದಂತಾದವು. ಅಂದಿನಿಂದ ಪಂಚೆಯವರು ಬಂದರೆ ಎತ್ತಿ ಸುರಿದುಕೊಳ್ಳಲು ನಾನು ಪಕ್ಕದಲ್ಲಿ ಕಾಗದದ ಕಪ್ ಇಡುತ್ತಿದ್ದೆ. ಮೇಡಂ ಅದನ್ನು ನೋಡಿ ಎದೆ ಹಿಡಿದುಕೊಂಡರು, ಆದರೆ ಬೇಡ ಅನ್ನಲಿಲ್ಲ.

ವೈನಿನ ಗುಣ ಹೇಳುವ ಪಾಠವನ್ನೂ ನಾನು ಕೆಡಿಸಿದೆ. ಕೊಟ್ಟಿದ್ದ ಹಾಳೆಯಲ್ಲಿ ಬ್ಲ್ಯಾಕ್‌ಬೆರಿ, ಚೆರಿ, ಇನ್ನೂ ಏನೇನೋ ಇದ್ದವು. ಕೃಷ್ಣಗಿರಿಯಿಂದ ಬಂದ ಒಬ್ಬ ಮಾವಿನ ತೋಟದವರು, "ಅದ್ನ ನೀವ್ ತಿಂದಿದ್ದೀರಾಮ್ಮ?" ಎಂದು ಕೇಳಿದರು. ಇಲ್ಲ ಅಂದೆ. "ನಾನೂ ತಿಂದಿಲ್ಲ. ಮತ್ಯಾಕೆ ಇಬ್ರೂ ಸುಳ್ಳು ಹೇಳ್ಕೊಳ್ಳೋದು?" ಅಂದರು. ಆವತ್ತಿನಿಂದ ಬಿಳಿ ವೈನಿಗೆ ತೋತಾಪುರಿ ಕಾಯಿ ಹೆಚ್ಚಿದ ವಾಸನೆ ಎಂದೆ, ಕೆಂಪಿಗೆ ನೇರಳೆ ಹಣ್ಣು, ಹಳೆಯ ಹುಣಸೆ ಎಂದೆ. ಕುಮರೇಸನ್ ಸಾರ್ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ನೋಡಿದರೆ ಅವರೇ ದೊಡ್ಡ ದೊಡ್ಡವರಿಗೆ ತೋತಾಪುರಿ ಎನ್ನುತ್ತಿದ್ದರು, ತಾವೇ ಕಂಡುಹಿಡಿದವರ ಹಾಗೆ.

ಹೊಸೂರಿನವರಿಗೆ ಬಾಟಲಿ ಮಾರುವಾಗ ಮಾತ್ರ ಎಚ್ಚರಿಕೆ ಹೇಳಿ. ಗಡಿ ದಾಟಿಸಿ ತಮಿಳುನಾಡಿಗೆ ಒಯ್ಯುವುದು ತಂಟೆ. ಬಾಗಲೂರು ದಾರಿಯಲ್ಲಿ ಹೋದರೂ, ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಹೋದರೂ ಪೊಲೀಸರು ಹಿಡಿದು ಕೇಳಿದರೆ ಉತ್ತರ ಇಲ್ಲ. ಒಬ್ಬರು ಆಸೆಪಟ್ಟು ದುಬಾರಿ ಬಾಟಲಿ ಕೊಂಡರು, ಆಮೇಲೆ ನಾನು ಹೇಳಿದ್ದು ಕೇಳಿ ಗಾಬರಿಯಾದರು. ವಾಪಸ್ ಕೊಡಲು ಮನಸ್ಸಿಲ್ಲ, ಬಿಟ್ಟುಹೋಗಲು ಮನಸ್ಸಿಲ್ಲ. ಗಾಡಿ ನಿಲ್ಲಿಸುವ ಜಾಗದ ಹೊಂಗೆ ಮರದ ಕೆಳಗೆ ಕೂತು ಪೂರ್ತಿ ಬಾಟಲಿ ಖಾಲಿ ಮಾಡಿದರು. ನಾಲ್ಕು ಜನ ಎತ್ತಿ ಟೆಂಪೋಗೆ ಹಾಕಿದರು. ಬಾಟಲಿ ಗಡಿ ದಾಟಲಿಲ್ಲ, ವೈನು ದಾಟಿತು.

ಇದೆಲ್ಲ ನಗೆಯ ಮಾತಾಯಿತು. ಈಗ ನನಗೆ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ.

ಪೀಕದಾನಿ ಅರ್ಧ ತುಂಬಿದ ಕೂಡಲೇ ಎತ್ತಿ ಹಿಂದೆ ಸುರಿದು, ತೊಳೆದು ತರಬೇಕು. ಅದು ಸುರಿಯುವವಳ ಕೆಲಸ. ಬೇರೆಯವರ ಎಂಜಲು. ನಮ್ಮ ಮನೆಯಲ್ಲಿ ಎಂಜಲೆಂದರೆ ಎಷ್ಟು ಕಟ್ಟುನಿಟ್ಟು ಎಂದರೆ, ಸಾರಿನ ರುಚಿ ನೋಡಿದ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದರೆ ನಮ್ಮತ್ತೆ ಆ ಸಾರನ್ನೇ ಮುಟ್ಟುತ್ತಿರಲಿಲ್ಲ. ನಮ್ಮತ್ತೆಯ ಹೆಸರು ವೆಂಕಟಮ್ಮ. ಗಂಡ ಹೋದ ಮೇಲೆ ಹೊಲ, ಮನೆ, ಹಸು, ಮಗ, ಎಲ್ಲವನ್ನೂ ಒಂದೇ ಕೈಯಲ್ಲಿ ನಡೆಸಿದವರು. ನಾನು ಬೆಳಿಗ್ಗೆ ಬಸ್ಸು ಹತ್ತಲು ಸಾಧ್ಯವಾಗಿದ್ದೇ ಅವರು ಒಲೆ ನೋಡಿಕೊಳ್ಳುತ್ತಿದ್ದುದರಿಂದ. ಅವರು ಬೇಡ ಅಂದರೆ ಮುಗಿಯಿತು, ನನ್ನ ಗಂಡನೂ ಎದುರು ಮಾತಾಡುವವರಲ್ಲ.

ಆದ್ದರಿಂದ ನಾವು ಗಂಡ ಹೆಂಡತಿ ಸೇರಿ ಒಂದು ಸುಳ್ಳು ಕಟ್ಟಿದ್ದೆವು. "ದ್ರಾಕ್ಷಿ ಕಂಪ್ನಿ, ಜ್ಯೂಸ್ ಮಾಡ್ತಾರೆ ಅನ್ನು ಸಾಕು" ಎಂದಿದ್ದರು ನನ್ನ ಗಂಡ. ಐದು ವರ್ಷ ಆ ಸುಳ್ಳು ಚೆನ್ನಾಗಿಯೇ ನಡೆಯಿತು.

ಐದನೆಯ ವರ್ಷ ಅವರೆಕಾಯಿ ಕಾಲ. ಊರಿನ ಮಹಿಳಾ ಸಂಘದವರು ಟೆಂಪೋ ಮಾಡಿಕೊಂಡು ಕೋಲಾರದ ಕಡೆಯ ಮೂರು ದೇವಸ್ಥಾನ ನೋಡಲು ಹೊರಟರು. ನಮ್ಮತ್ತೆಯೂ ಹೋದರು. ಮೂರನೆಯ ದೇವಸ್ಥಾನದ ಬಾಗಿಲು ಹಾಕಿತ್ತಂತೆ. ಸಮಯ ಉಳಿಯಿತು. ಟೆಂಪೋ ಡ್ರೈವರ್ ಭಾನುವಾರಗಳಲ್ಲಿ ಹೊಸೂರಿನವರನ್ನು ನಮ್ಮಲ್ಲಿಗೆ ತರುವವನೇ. "ಒಂದು ದ್ರಾಕ್ಷಿ ತೋಟ ಅದೆ, ಒಳ್ಳೆ ಬಾತ್‌ರೂಮ್ ಅವೆ, ರಸಾನೂ ಕೊಡ್ತಾರೆ" ಎಂದು ತಿರುಗಿಸಿಯೇಬಿಟ್ಟ.

ಮಧ್ಯಾಹ್ನ ಮೂರು ಗಂಟೆ. ಹೊಸೂರಿನ ಒಂದು ಕಾರ್ಖಾನೆಯ ಆಫೀಸಿನವರು ಎಂಟು ಜನ ಕೂತಿದ್ದರು. ಇವರು ಉಗಿಯುವುದನ್ನು ಕಲಿತ ಹೊಸ ತಲೆಮಾರು. ನಾನು ಮೂರನೆಯ ವೈನಿನ ನೇರಳೆ ಹಣ್ಣಿನ ಕತೆ ಹೇಳುತ್ತಿದ್ದೆ. ಬಾಗಿಲು ತೆಗೆದು ಹದಿನಾಲ್ಕು ಹೆಂಗಸರು ಒಳಗೆ ಬಂದರು. ಮುಂದೆ ಸಂಘದ ಪಾರ್ವತಕ್ಕ, ಹಿಂದೆ ಕುಂಕುಮದ ಪೊಟ್ಟಣ ಹಿಡಿದುಕೊಂಡು ನಮ್ಮತ್ತೆ.

"ಅಯ್ಯೋ, ನಮ್ ರತ್ನ ಕಣ್ರೇ!" ಎಂದರು ಪಾರ್ವತಕ್ಕ, ರೂಮೆಲ್ಲ ಕೇಳುವ ಹಾಗೆ.

ನನ್ನ ಕೈಯಲ್ಲಿ ಬಾಟಲಿ ಇತ್ತು. ಅದನ್ನು ಬೆನ್ನ ಹಿಂದೆ ಸರಿಸಿದೆ. ನಗುತ್ತಾ ಬನ್ನಿ ಎಂದು ಕೂರಿಸಿ, ಎಲ್ಲರಿಗೂ ನಿಜವಾದ ದ್ರಾಕ್ಷಿ ರಸವನ್ನೇ ಕೊಟ್ಟೆ. ಪಾರ್ವತಕ್ಕ ಪಕ್ಕದ ಟೇಬಲ್ ನೋಡಿ, "ಅವ್ರಿಗ್ ಕೊಟ್ಟಿರೋದೇ ನಮ್ಗೂ ಕೊಡಮ್ಮಿ, ದುಡ್ ಕೊಡ್ತೀವಿ" ಅಂದರು. "ಅದು ಕಹಿ ಕಣಕ್ಕ" ಎಂದೆ. ನಮ್ಮತ್ತೆ ಗಾಳಿಯನ್ನು ಒಂದು ಸಲ ಮೂಸಿ, "ಇದು ಹೆಂಡದ್ ಮನೆ" ಎಂದರು, ಯಾರಿಗೂ ಅಲ್ಲದ ಹಾಗೆ. ಮೂಗಿನಲ್ಲಿ ಅವರು ನನಗೂ ಗುರು.

ಅಷ್ಟಾಗಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ಆದರೆ ಆಫೀಸಿನವರ ಪೀಕದಾನಿ ತುಂಬುತ್ತಾ ಬಂತು. ಅರ್ಧವಾಯಿತು, ನಾನು ನೋಡದವಳ ಹಾಗೆ ಗ್ಲಾಸು ಒರೆಸಿದೆ. ಮುಕ್ಕಾಲಾಯಿತು, ಒರೆಸಿದ ಗ್ಲಾಸನ್ನೇ ಮತ್ತೆ ಒರೆಸಿದೆ. ಕುಮರೇಸನ್ ಸಾರ್ ದೂರದಿಂದ ಕಣ್ಣಿನಲ್ಲೇ ಪಾತ್ರೆ ತೋರಿಸಿದರು. ಕೊನೆಗೆ ಟೇಬಲ್ಲಿನ ಒಬ್ಬ ಹೆಣ್ಣುಮಗಳು ಬಾಯಿ ತುಂಬ ವೈನ್ ಇಟ್ಟುಕೊಂಡು, ಎಲ್ಲಿ ಉಗಿಯಲಿ ಎಂದು ಕೈಸನ್ನೆಯಲ್ಲಿ ಕೇಳತೊಡಗಿದಳು. ಪಾಪ, ಅವಳ ಕಣ್ಣಲ್ಲಿ ನೀರು.

ಬೇರೆಯವರಿಗೆ ಹೇಳಿ ಎತ್ತಿಸಬಹುದಿತ್ತು. ತಲೆನೋವು ಎಂದು ಒಳಗೆ ಹೋಗಬಹುದಿತ್ತು. ಎರಡೂ ಮನಸ್ಸಿಗೆ ಬಂದವು. ನಮ್ಮತ್ತೆಯ ಕಣ್ಣೆದುರು ಎತ್ತಿದರೆ ನಾಳೆಯಿಂದ ಕೆಲಸವಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಕೆಲಸ ಹೋದರೆ ನಾವು ಉಪವಾಸವೇನೂ ಬೀಳುತ್ತಿರಲಿಲ್ಲ. ಆದರೆ ಊರಿನಲ್ಲಿ ನಾನು ಇವರ ಸೊಸೆ, ಅವರ ಹೆಂಡತಿ. ಆ ರೂಮಿನಲ್ಲಿ ಮಾತ್ರ ರತ್ನಮ್ಮ. ನಾನು ಬಾಯಿ ತೆರೆದರೆ ಓದಿದವರು ಸುಮ್ಮನಾಗಿ ಕೇಳುವ ಜಾಗ ನನಗೆ ಇನ್ನೊಂದಿರಲಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಇಷ್ಟವಿರಲಿಲ್ಲ. ಹಾಗೆಂದು ಬಂದವರನ್ನು ಬಾಯಿ ಕಟ್ಟಿ ಕೂರಿಸಿ, ಅದು ನನ್ನ ಕೆಲಸವೇ ಅಲ್ಲ ಎಂಬಂತೆ ನಿಲ್ಲುವುದೂ ಆಗಲಿಲ್ಲ.

ಹೋಗಿ, ಕೈಗೆ ಸಿಕ್ಕ ಖಾಲಿ ಗ್ಲಾಸನ್ನು ಆ ಹುಡುಗಿಗೆ ಒಡ್ಡಿದೆ, ಅದಕ್ಕೆ ಉಗಿದು ಏನೋ ಅಂದಳು. ಎರಡೂ ಕೈಯಲ್ಲಿ ಪೀಕದಾನಿ ಎತ್ತಿಕೊಂಡು, ನಮ್ಮತ್ತೆಯ ಮುಂದೆಯೇ ಹಾದು ಹಿಂದಕ್ಕೆ ಹೋದೆ. ತೊಳೆದು ತರುವಷ್ಟರಲ್ಲಿ ಅವರ ಕುರ್ಚಿ ಖಾಲಿ. ರಸದ ಗ್ಲಾಸು ಹಾಗೇ ಇತ್ತು. ಕಿಟಕಿಯಿಂದ ನೋಡಿದರೆ ಟೆಂಪೋದಲ್ಲಿ ಒಬ್ಬರೇ, ನೆಟ್ಟಗೆ ಕೂತಿದ್ದರು. ಪಾರ್ವತಕ್ಕ ಹೋಗುವಾಗ ನನ್ನ ಭುಜ ತಟ್ಟಿ, "ಇವತ್ತು ನಿಂಗೆ ಐತೆ ಕಣಮ್ಮಿ" ಎಂದು ಧೈರ್ಯ ಹೇಳಿಹೋದರು.

ಸಂಜೆ ಬಸ್ಸಿನಲ್ಲಿ ಬರುವಾಗ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ. ಅವರು ಹೀಗಂದರೆ ನಾನು ಹಾಗನ್ನುವುದು. ಮನೆಗೆ ಹೋದರೆ ನಮ್ಮತ್ತೆ ಜಗಲಿಯ ಮೇಲೆ ನೆನೆಹಾಕಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿದುಕುತ್ತಿದ್ದರು. ಪುಳಕ್ ಪುಳಕ್ ಎಂದು ಬೇಳೆ ಹಾರಿ ತಟ್ಟೆಗೆ ಬೀಳುತ್ತಿತ್ತು. ತಲೆ ಎತ್ತಲಿಲ್ಲ.

"ಎಷ್ಟ್ ವರ್ಸದಿಂದ ಎತ್ತೀಯ ಅದ್ನ?"

"ಐದು ವರ್ಸ ಅತ್ತೆ."

"ದಿನಕ್ಕೆಷ್ಟ್ ಸಲ?"

"ನಾಕೈದು ಸಲ. ಭಾನುವಾರ ಆದ್ರೆ ಹತ್ತಾದ್ರೂ ಆಯ್ತದೆ."

"ಎತ್ಕೊಂಡ್ ಹೋಗುವಾಗ ಆ ಹುಡ್ಗಿ ನಿನ್ನ ಏನೋ ಅಂದ್ಳಲ್ಲ. ಬೈದ್ಳಾ?"

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದೆ.

"ಬೈಲಿಲ್ಲ ಅತ್ತೆ. ಥ್ಯಾಂಕ್ಸ್ ಅಂದ್ಳು."

"ಉಗುಳು ಎತ್ತಿದ್ದಕ್ಕಾ?"

"ಊಂ. ಎಲ್ರೂ ಅಂತಾರೆ."

ಅವರ ಕೈ ನಿಂತಿತು. ಬೆರಳ ತುದಿಯಲ್ಲಿ ಒಂದು ಕಾಳು ಹಾಗೇ ಉಳಿಯಿತು.

"ನಿಮ್ಮಾವನವ್ರಪ್ಪ ಕೆಮ್ಮು ಹಿಡ್ದು ಮಲ್ಗಿದ್ರು. ನೀನಿನ್ನೂ ಬಂದಿರ್ಲಿಲ್ಲ ಈ ಮನೆಗೆ. ಏಳು ವರ್ಸ. ಬಟ್ಲಿಗೆ ಬೂದಿ ಹಾಕಿ ತಲೆದೆಸೆಗೆ ಇಡ್ತಿದ್ದೆ, ಹೊತ್ತೊತ್ತಿಗೂ ಎತ್ತಿ ತೊಳೀತಿದ್ದೆ. ಮೊದ್ಲು ಮೊದ್ಲು ವಾಂತಿ ಬರೋದು. ಹಿತ್ಲಿಗೋಗಿ ಮಾಡ್ಕೊಂಡು, ಮಕ ತೊಳ್ಕೊಂಡ್ ಬಂದು ಮುದ್ದೆ ತಿರುವ್ತಿದ್ದೆ. ಆವಯ್ಯ ಒಂದಿನ ನನ್ ಮಕ ನೋಡ್ಲಿಲ್ಲ. ನಿಮ್ಮಾವ ಕೇಳ್ಲಿಲ್ಲ. ಸೊಸೆ ಅಂದ್ಮೇಲೆ ಎತ್ತೋದೇ ಅಲ್ವಾ." ಆ ಕಾಳನ್ನು ಹಿದುಕಿ ತಟ್ಟೆಗೆ ಹಾಕಿ, "ಟೆಂಪೋದಾಗೆ ಪಾರ್ವತಿ ಅಂದ್ಳು, ವೆಂಕಟಕ್ಕ, ನಿನ್ ಸೊಸೆ ಕಂಡೋರ ಎಂಜಲು ಎತ್ತವ್ಳಲ್ಲ ಅಂತ. ನಾನಂದೆ, ನಾನು ಮನೇವ್ರದು ಎತ್ತಿದಾಗ ನೀನ್ಯಾಕೆ ಕೇಳ್ಲಿಲ್ಲ ಅಂತ" ಎಂದರು.

ನಾನು ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡೇ ನಿಂತಿದ್ದೆ.

"ಕೆಲ್ಸ ಬಿಡ್ಬ್ಯಾಡ. ಸುಳ್ಳು ಹೇಳ್ಬ್ಯಾಡ ಅಷ್ಟೇ. ದ್ರಾಕ್ಷಿ ರಸ ಅಂತೆ!"

ನನಗೆ ಅಳು ಬಂತು, ನಗುವೂ ಬಂತು. ಈ ಮನೆಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು, ಆ ಏಳು ವರ್ಷದ ಮಾತನ್ನು ಅವರು ಒಮ್ಮೆಯೂ ಆಡಿರಲಿಲ್ಲ. ಥ್ಯಾಂಕ್ಸ್ ಎನ್ನುವುದು ನಮ್ಮಲ್ಲಿ ಮನೆಯವರಿಗೆ ಹೇಳುವ ಮಾತಲ್ಲ, ಹೇಳಿದರೆ ದೂರದವರ ಹಾಗಾಗುತ್ತದೆ. ಆದರೂ ಪಕ್ಕದಲ್ಲಿ ಕೂತು, ಬೋಗುಣಿಗೆ ಕೈ ಹಾಕಿ ಹೇಳಿದೆ.

"ಅತ್ತೆ, ಆ ಏಳು ವರ್ಸಕ್ಕೆ ನಾನು ಹೇಳ್ತೀನಿ. ಥ್ಯಾಂಕ್ಸ್."

ಅವರು ನನ್ನನ್ನು ನೋಡಲಿಲ್ಲ. ಒದ್ದೆ ಕೈಯಾದ್ದರಿಂದ ತೋಳಿನಿಂದ ಕಣ್ಣೊರೆಸಿಕೊಂಡು, ಬೋಗುಣಿಯನ್ನು ನನ್ನ ಕಡೆಗೆ ಅರ್ಧ ತಳ್ಳಿದರು.

"ಇನ್ನೊಂದ್ಸಲ ಅನ್ನೇ" ಎಂದರು.